ಕ್ರಿಸ್‌ಮಸ್ ವಾರದ ವಿದೇಶ ಪ್ರವಾಸ: ಕಲಬುರಗಿಯ ಕುಟುಂಬಗಳು ದಿನಗಳನ್ನು ಹಿಂದಿನಿಂದ ಎಣಿಸಬೇಕಾದ ಬಗೆ

ಕಲಬುರಗಿ, ಬೀದರ್ ಅಥವಾ ಯಾದಗಿರಿಯ ಕುಟುಂಬವೊಂದು ಡಿಸೆಂಬರ್ ಕೊನೆಯ ವಾರದಲ್ಲಿ ವಿದೇಶಕ್ಕೆ ಹೋಗಿಬರೋಣವೆಂದು ಮಾತು ತೆಗೆದಾಗ ಎಲ್ಲರೂ ಮೊದಲು ಕೇಳುವುದು ‘ಯಾವ ದೇಶಕ್ಕೆ?’ ಎಂದು. ನನ್ನ ಲೆಕ್ಕದಲ್ಲಿ ಆ ಪ್ರಶ್ನೆ ಮೂರನೆಯದು. ಮನೆಯಲ್ಲಿ ಯಾರ ಪಾಸ್‌ಪೋರ್ಟ್ ಎಂದಿಗೆ ಮುಗಿಯುತ್ತದೆ ಎಂಬುದು ಮೊದಲನೆಯದು. ಆ ವಾರದಲ್ಲಿ ಮನೆ, ಹೊಲ ಮತ್ತು ಶಾಲೆ ನಮ್ಮನ್ನು ಬಿಟ್ಟುಕೊಡುತ್ತವೆಯೇ ಎಂಬುದು ಎರಡನೆಯದು. ಇವೆರಡಕ್ಕೂ ಉತ್ತರ ಸಿಕ್ಕಿದ ಮೇಲೆ ದೇಶದ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ.

ಇದನ್ನು ನಾವು ಕಲಿತದ್ದು ಸ್ವಂತ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಸಿಂಗಪುರಕ್ಕೆ ಹೋಗುವುದೆಂದು ಟಿಕೆಟ್ ಕಾಯ್ದಿರಿಸಿ, ಮಕ್ಕಳಿಗೆ ಬಟ್ಟೆ ಹೊಲಿಸಿ, ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿ, ಅಕ್ಟೋಬರ್ ಕೊನೆಯಲ್ಲಿ ಕಾಗದಪತ್ರಗಳನ್ನು ಹೊರತೆಗೆದಾಗ ಕಿರಿಯ ಮಗಳ ಪಾಸ್‌ಪೋರ್ಟ್ ಮುಂದಿನ ಮಾರ್ಚ್‌ಗೆ ಮುಗಿಯುವುದೆಂದು ತಿಳಿಯಿತು. ಪ್ರಯಾಣದ ದಿನಕ್ಕೆ ಅದು ಜೀವಂತವಾಗಿಯೇ ಇರುತ್ತಿತ್ತು. ಆದರೆ ಸಿಂಗಪುರವೂ ಸೇರಿದಂತೆ ಬಹಳಷ್ಟು ದೇಶಗಳು, ಒಳಗೆ ಕಾಲಿಡುವ ದಿನದಿಂದ ಮುಂದೆ ಕನಿಷ್ಠ 6 ತಿಂಗಳ ಅವಧಿ ಪಾಸ್‌ಪೋರ್ಟಿನಲ್ಲಿ ಉಳಿದಿರಬೇಕೆಂದು ಬಯಸುತ್ತವೆ. ದೊಡ್ಡವರ ಪಾಸ್‌ಪೋರ್ಟ್ 10 ವರ್ಷ ನಡೆಯುತ್ತದೆಂದು ಗೊತ್ತಿದ್ದ ನನಗೆ, ಮಕ್ಕಳದು 5 ವರ್ಷಕ್ಕೆ ಅಥವಾ ಅವರಿಗೆ 18 ತುಂಬುವ ದಿನಕ್ಕೆ, ಯಾವುದು ಮೊದಲೋ ಅಂದಿಗೆ ಮುಗಿಯುತ್ತದೆಂಬುದು ಗೊತ್ತಿರಲಿಲ್ಲ. ತತ್ಕಾಲ್‌ನಲ್ಲಿ ಹೊಸದನ್ನು ಪಡೆದು ಹೊರಟೆವು, ಆದರೆ ಆ ಒಂದು ತಿಂಗಳು ಮನೆಯಲ್ಲಿ ಯಾರಿಗೂ ನೆಮ್ಮದಿಯ ನಿದ್ದೆ ಬರಲಿಲ್ಲ.

ಆದ್ದರಿಂದ ಜೂನ್ ತಿಂಗಳಲ್ಲಿ, ಶಾಲೆಗಳು ಆರಂಭವಾಗಿ ಮನೆ ಒಂದು ಹದಕ್ಕೆ ಬಂದ ಮೇಲೆ, ಹೋಗುವವರೆಲ್ಲರ ಪಾಸ್‌ಪೋರ್ಟುಗಳನ್ನು ಒಂದೆಡೆ ಇಟ್ಟು ಮುಗಿಯುವ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಡಿಸೆಂಬರ್ ಕೊನೆಯ ವಾರದ ಪ್ರಯಾಣಕ್ಕೆ ಮುಂದಿನ ಜುಲೈವರೆಗೆ ಅವಧಿ ಇಲ್ಲದ ಯಾವ ಪಾಸ್‌ಪೋರ್ಟನ್ನಾದರೂ ಈಗಲೇ ನವೀಕರಿಸಲು ಕೊಡುವುದು ಕ್ಷೇಮ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಅರ್ಜಿ ಹಾಕಲು ಅವಕಾಶವಿದೆ. 36 ಪುಟಗಳ ಪುಸ್ತಕಕ್ಕೆ ದೊಡ್ಡವರಿಗೆ 1,500 ರೂಪಾಯಿ, ಮಕ್ಕಳಿಗೆ 1,000 ರೂಪಾಯಿ ಶುಲ್ಕವಿದ್ದು, ತತ್ಕಾಲ್ ಆದರೆ ಅದರ ಮೇಲೆ ಇನ್ನೂ 2,000 ರೂಪಾಯಿ ಬೀಳುತ್ತದೆ. ನಾಲ್ವರ ಮನೆಯಲ್ಲಿ ಆಲಸ್ಯಕ್ಕೆ ತೆರುವ ದಂಡವೇ 8,000 ರೂಪಾಯಿ ಆಗಬಹುದು. 15 ದಾಟಿದ ಮಕ್ಕಳಿಗೆ 10 ವರ್ಷದ ಪಾಸ್‌ಪೋರ್ಟನ್ನೇ ಕೇಳಬಹುದು, ಕೇಳುವುದೇ ಲೇಸು.

ನಮ್ಮ ಮೂರೂ ಜಿಲ್ಲೆಗಳ ಅರ್ಜಿಗಳು ಸೇರುವುದು ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ. ಆದರೆ ದಾಖಲೆ ತೋರಿಸಲು ಅಷ್ಟು ದೂರ ಹೋಗಬೇಕಾಗಿಲ್ಲ, ಕಲಬುರಗಿಯಲ್ಲಿಯೇ ಕೇಂದ್ರವಿದೆ. ಮಕ್ಕಳ ಅರ್ಜಿಗೆ ತಂದೆ-ತಾಯಿ ಇಬ್ಬರ ಸಹಿಯುಳ್ಳ ಘೋಷಣೆ ಬೇಕು, ಅದಕ್ಕೆ ‘ಅನುಬಂಧ ಡಿ’ ಎಂಬ ನಮೂನೆ ಇದೆ. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದ ಮಗುವಿಗೆ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೊಂದೇ ನಡೆಯುತ್ತದೆ. 4 ವರ್ಷದೊಳಗಿನ ಮಗುವಿನ ಭಾವಚಿತ್ರವನ್ನು ಬಿಳಿ ಹಿನ್ನೆಲೆಯಲ್ಲಿ ತೆಗೆಸಿ ಕೈಯಲ್ಲಿ ಒಯ್ಯಬೇಕು. ಸರ್ಕಾರಿ ನೌಕರರು, ನಮ್ಮಲ್ಲಿ ಶಿಕ್ಷಕರೇ ಹೆಚ್ಚು, ರಜೆ ಮಂಜೂರಾತಿಯೊಡನೆ ವಿದೇಶಕ್ಕೆ ಹೋಗಲು ಇಲಾಖೆಯ ಪೂರ್ವಾನುಮತಿಯನ್ನೂ ಪಡೆಯಬೇಕಾಗುವುದರಿಂದ ಆ ಕಡತವನ್ನು ಸೆಪ್ಟೆಂಬರ್‌ನಲ್ಲಿಯೇ ಮೇಜಿನಿಂದ ಮೇಜಿಗೆ ನಡೆಯಲು ಬಿಡಬೇಕು. ಅದು ಓಡುವ ಜಾತಿಯದಲ್ಲ.

ಹೆಸರಿನ ವಿಷಯವನ್ನು ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕು. ಹಿರಿಯರಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಬರೀ ‘ಶರಣಪ್ಪ’ ಅಥವಾ ‘ಮಹಾದೇವಿ’ ಎಂದು ಮಾತ್ರ ಇದ್ದು, ಮನೆತನದ ಹೆಸರಿನ ಜಾಗ ಖಾಲಿ ಇರುತ್ತದೆ. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರ್‌ನಲ್ಲಿ ಒಂಟಿ ಹೆಸರಿನ ಪಾಸ್‌ಪೋರ್ಟ್ ಹೊಂದಿದವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶ ನಿರಾಕರಿಸುವ ನಿಯಮ ತಂದಿತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಪರಿಗಣಿಸಬಹುದೆಂಬ ಸ್ಪಷ್ಟನೆಯೂ ಅನಂತರ ಬಂತು. ಅಜ್ಜ-ಅಜ್ಜಿಯರನ್ನು ದುಬೈಗೆ ಕರೆದೊಯ್ಯುವ ಆಸೆಯಿದ್ದರೆ ಹೆಸರನ್ನು ಎರಡು ಭಾಗವಾಗಿಸಿ ಪಾಸ್‌ಪೋರ್ಟನ್ನು ಮರುಪಡೆಯುವುದು ನೆಮ್ಮದಿಯ ದಾರಿ. ಹುಟ್ಟಿದ ಊರು ಒಬ್ಬರಿಗೆ ‘ಗುಲಬರ್ಗಾ’, ಇನ್ನೊಬ್ಬರಿಗೆ ‘ಕಲಬುರಗಿ’ ಎಂದಿರುವುದಕ್ಕೆ ಅಂಜಬೇಕಾಗಿಲ್ಲ, ಹೆಸರು ಬದಲಾದದ್ದು 2014ರಲ್ಲಿ. ಟಿಕೆಟ್ ಮತ್ತು ವೀಸಾ ಅರ್ಜಿಗಳಲ್ಲಿ ಮಾತ್ರ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಅಕ್ಷರವೂ ತಪ್ಪದಂತೆ ಬರೆಯಬೇಕು. ಆಧಾರ್ ಕಾರ್ಡನ್ನು ನೋಡಿ ಟಿಕೆಟ್ ಮಾಡಿಸುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು.

ವಾರವನ್ನು ಆರಿಸಿಕೊಳ್ಳುವುದು

ಕ್ರಿಸ್‌ಮಸ್ ವಾರ ಎಂಬುದು ಪಟ್ಟಣದ ಕ್ಯಾಲೆಂಡರಿನ ಮಾತು. ನಮ್ಮ ಭಾಗದಲ್ಲಿ ಅದೇ ಹೊತ್ತಿಗೆ ತೊಗರಿ ಒಣಗಿ ಕಟಾವಿಗೆ ಬಂದಿರುತ್ತದೆ. ತೊಗರಿಯ ಕಣಜವೆನಿಸಿದ ಈ ನೆಲದಲ್ಲಿ ರಾಶಿಯ ಕಾಲಕ್ಕೆ ಮನೆಯ ಯಜಮಾನ ಬ್ಯಾಂಕಾಕಿನಲ್ಲಿದ್ದರೆ ಇಡೀ ವರ್ಷದ ಲೆಕ್ಕ ತಪ್ಪಬಹುದು, ಊರಿನ ಬಾಯಿಗೂ ಒಂದು ಕಥೆ ಸಿಗಬಹುದು. ಹೊಲವಿರುವ ಮನೆಗಳು ಯಾರು ಉಳಿಯುತ್ತಾರೆ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಇನ್ನು ಎಳ್ಳಮಾವಾಸ್ಯೆ. ಹೊಲದಲ್ಲಿ ಚರಗ ಚೆಲ್ಲುವ ಈ ಹಬ್ಬ 2024ರಲ್ಲಿ ಡಿಸೆಂಬರ್ 30ಕ್ಕೆ ಬಂದಿತ್ತು, 2025ರಲ್ಲಿ ಡಿಸೆಂಬರ್ 19ಕ್ಕೆ. ಕೆಲವು ವರ್ಷ ಜನವರಿಗೆ ಸರಿಯುತ್ತದೆ. ಭಜ್ಜಿ ಪಲ್ಯ ಮತ್ತು ಸಜ್ಜೆ ಕಡುಬಿನ ಊಟವನ್ನು ತಪ್ಪಿಸಿ ವಿಮಾನ ಹತ್ತಿದ ಮೇಲೆ ಹಿರಿಯರು ಪ್ರವಾಸದುದ್ದಕ್ಕೂ ಅದನ್ನೇ ನೆನೆಯುವುದಕ್ಕಿಂತ, ಟಿಕೆಟ್ ಮಾಡುವ ಮುನ್ನ ಪಂಚಾಂಗ ನೋಡುವುದು ಮೇಲು.

ಶಾಲೆಯ ಮಾತೂ ಇದೆ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ದೀರ್ಘ ರಜೆ ಇರುವುದು ದಸರೆಗೆ ಮತ್ತು ಬೇಸಿಗೆಗೆ. ಡಿಸೆಂಬರ್‌ನಲ್ಲಿ ವಾರಗಟ್ಟಲೆ ರಜೆ ಕೊಡುವುದು ಕೆಲವು ಶಾಲೆಗಳು ಮಾತ್ರ. ಹತ್ತನೆಯ ತರಗತಿಯಲ್ಲಿ ಅಥವಾ ದ್ವಿತೀಯ ಪಿಯುಸಿಯಲ್ಲಿ ಓದುವ ಮಗು ಮನೆಯಲ್ಲಿದ್ದರೆ ನನ್ನ ಸಲಹೆ ಸ್ಪಷ್ಟ: ಆ ವರ್ಷ ಈ ಪ್ರವಾಸ ಬೇಡ, ಪರೀಕ್ಷೆ ಮುಗಿದ ಮೇಲೆ ಹೋಗಿರಿ.

ಎಲ್ಲವೂ ಕೂಡಿಬಂದರೆ ಯಾವ ದಿನ ಹೊರಟು ಯಾವ ದಿನ ಮರಳಬೇಕು ಎಂಬುದೇ ಖರ್ಚನ್ನು ನಿರ್ಧರಿಸುತ್ತದೆ. ಡಿಸೆಂಬರ್ 20ರಿಂದ 24ರವರೆಗೆ ಎಲ್ಲರೂ ಹೊರಡುತ್ತಾರೆ, ಜನವರಿ 1ರಿಂದ 4ರವರೆಗೆ ಎಲ್ಲರೂ ಮರಳುತ್ತಾರೆ. 17 ಅಥವಾ 18ಕ್ಕೆ ಹೊರಟು 25ರ ಆಸುಪಾಸಿನಲ್ಲಿ ಹಿಂದಿರುಗಿದರೆ ಕ್ರಿಸ್‌ಮಸ್ ದೀಪಗಳನ್ನೂ ನೋಡಬಹುದು, ಹೊಸ ವರ್ಷದ ದುಬಾರಿ ರಾತ್ರಿಗಳಿಂದಲೂ ತಪ್ಪಿಸಿಕೊಳ್ಳಬಹುದು. ಟಿಕೆಟನ್ನು ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು. ದೀಪಾವಳಿಯ ತನಕ ಕಾದರೆ ದರ ಇಳಿಯಬಹುದೆಂಬ ನಂಬಿಕೆ ಈ ವಾರಕ್ಕೆ ಅನ್ವಯಿಸುವುದಿಲ್ಲ.

ದೇಶವನ್ನು ಆರಿಸಿಕೊಳ್ಳುವುದು

ವೀಸಾ ಸಿಗುವ ಬಗೆ, ಡಿಸೆಂಬರ್‌ನ ಹವೆ, ಹೈದರಾಬಾದಿನಿಂದ ನೇರ ವಿಮಾನ ಇದೆಯೇ ಎಂಬುದು ಮತ್ತು ಮನೆಯವರ ಊಟ, ಈ ನಾಲ್ಕನ್ನೂ ಕೂಡಿಸಿ ನೋಡಿದರೆ ಪಟ್ಟಿ ಬೇಗ ಕಿರಿದಾಗುತ್ತದೆ.

ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ವಿನಾಯಿತಿ ಕೊಟ್ಟಿದ್ದು, ಅದನ್ನು 2026ರ ಕೊನೆಯವರೆಗೆ ವಿಸ್ತರಿಸಿದೆ. ಥೈಲ್ಯಾಂಡ್ 2024ರ ಜುಲೈನಲ್ಲಿ 60 ದಿನಗಳ ವಿನಾಯಿತಿ ಪ್ರಕಟಿಸಿತು. ವೀಸಾ ಬೇಡವೆಂದ ಮಾತ್ರಕ್ಕೆ ಕಾಗದವೇ ಬೇಡವೆಂದಲ್ಲ: ಮಲೇಷ್ಯಾ, ಥೈಲ್ಯಾಂಡ್ ಮತ್ತು ಸಿಂಗಪುರ ಮೂರೂ ದೇಶಗಳು ಆಗಮನದ ಡಿಜಿಟಲ್ ಕಾರ್ಡನ್ನು ತಲುಪುವ ದಿನಕ್ಕೆ ಮುಂಚಿನ 3 ದಿನಗಳೊಳಗೆ ತುಂಬಬೇಕೆನ್ನುತ್ತವೆ, ಅದು ಉಚಿತ, ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲವೆಂದು ತಿಳಿಯಬೇಕು. ಇಂತಹ ವಿನಾಯಿತಿಗಳು ಬಂದಂತೆಯೇ ಹೋಗುವ ಸ್ವಭಾವದವಾದುದರಿಂದ, ಟಿಕೆಟ್ ಮಾಡುವ ದಿನವೊಮ್ಮೆ ಮತ್ತು ಹೊರಡುವ ತಿಂಗಳೊಮ್ಮೆ ಆಯಾ ರಾಯಭಾರ ಕಚೇರಿಯ ಅಧಿಕೃತ ಪುಟವನ್ನು ಓದಬೇಕು. ಸಿಂಗಪುರಕ್ಕೆ ವೀಸಾ ಬೇಕೇ ಬೇಕು, ಅದನ್ನು ಅಧಿಕೃತ ಏಜೆಂಟರ ಮೂಲಕ ಪ್ರಯಾಣಕ್ಕೆ ಮುಂಚಿನ 30 ದಿನಗಳೊಳಗೆ ಸಲ್ಲಿಸಬೇಕಾಗುತ್ತದೆ. ದುಬೈ ವೀಸಾವನ್ನು ವಿಮಾನ ಸಂಸ್ಥೆ, ಹೋಟೆಲ್ ಅಥವಾ ಏಜೆಂಟರು ಮಾಡಿಸುತ್ತಾರೆ. ವಿಯೆಟ್ನಾಂ ಇ-ವೀಸಾ ಒಂದು ಪ್ರವೇಶಕ್ಕೆ 25 ಡಾಲರ್, ಬಹು ಪ್ರವೇಶಕ್ಕೆ 50 ಡಾಲರ್.

ಹವೆಯ ಲೆಕ್ಕ ತಪ್ಪಿದರೆ ವೀಸಾ ಸಿಕ್ಕೂ ಪ್ರಯೋಜನವಿಲ್ಲ. ಡಿಸೆಂಬರ್ ಎಂದರೆ ಚಳಿಗಾಲ, ಒಣ ಹವೆ ಎಂಬುದು ದಖನ್ನಿನವರಾದ ನಮ್ಮ ತಿಳಿವಳಿಕೆ; ಆಗ್ನೇಯ ಏಷ್ಯಾದಲ್ಲಿ ಅದು ಅರ್ಧ ಮಾತ್ರ ನಿಜ. ಥೈಲ್ಯಾಂಡಿನಲ್ಲಿ ಫುಕೆಟ್ ಮತ್ತು ಕ್ರಾಬಿ ಇರುವ ಅಂಡಮಾನ್ ಕಡಲ ಬದಿ ಆಗ ತಿಳಿಯಾಗಿರುತ್ತದೆ, ಆದರೆ ಸಮುಯಿ ದ್ವೀಪದ ಬದಿಯಲ್ಲಿ ಮಳೆ ಪೂರ್ತಿ ಹಿಂದೆ ಸರಿದಿರುವುದಿಲ್ಲ. ಮಲೇಷ್ಯಾದಲ್ಲಿ ಲಂಕಾವಿ ಸರಿ, ಪೂರ್ವ ಕರಾವಳಿಯ ದ್ವೀಪಗಳು ಈಶಾನ್ಯ ಮಾರುತದ ಮಳೆಗೆ ಬಾಗಿಲು ಹಾಕಿಕೊಂಡಿರುತ್ತವೆ. ಶ್ರೀಲಂಕಾದಲ್ಲಿ ದಕ್ಷಿಣ ಮತ್ತು ಪಶ್ಚಿಮದ ಕಡಲತೀರ ಆಗ ಸೊಗಸು, ಪೂರ್ವತೀರ ಒದ್ದೆ. ಬಾಲಿಯಲ್ಲಿ ಮಳೆಗಾಲ. ವಿಯೆಟ್ನಾಮಿನ ದಕ್ಷಿಣ ಒಣಗಿರುತ್ತದೆ, ನಡುಭಾಗದ ಹ್ವೆ ಮತ್ತು ಹೋಯಿ ಆನ್‌ನಲ್ಲಿ ಮಳೆ, ಹನೋಯಿಯಲ್ಲಿ ಸ್ವೆಟರ್ ಬೇಕಾಗುವ ಚಳಿ. ಸಿಂಗಪುರದಲ್ಲಿ ಮಳೆ ಬರುತ್ತದೆ, ಆದರೆ ಆ ಊರು ನೋಡುವುದಕ್ಕೆ ಮಳೆ ಅಷ್ಟಾಗಿ ಅಡ್ಡಿಯಲ್ಲ. ಒಂದು ಕೊಡೆ ಸಾಕು, ಆರ್ಚರ್ಡ್ ರಸ್ತೆಯ ಕ್ರಿಸ್‌ಮಸ್ ದೀಪಾಲಂಕಾರ ಮಳೆಯಲ್ಲಿ ಇನ್ನಷ್ಟು ಚೆಂದ ಕಾಣುತ್ತದೆ. ದುಬೈಗೆ ವರ್ಷದಲ್ಲಿಯೇ ಹಿತವಾದ ಹವೆ ಅದು, ಆದುದರಿಂದಲೇ ದರವೂ ಏರಿರುತ್ತದೆ.

ಯುರೋಪಿನ ಕ್ರಿಸ್‌ಮಸ್ ನೋಡಬೇಕೆನ್ನುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಡಿಸೆಂಬರ್ 25 ಮನೆಯೊಳಗಿನ ಹಬ್ಬ. ನಮ್ಮ ದೀಪಾವಳಿಯಂತೆ ಬೀದಿಗೆ ಬರುವುದಲ್ಲ. ಜರ್ಮನಿಯ ನ್ಯೂರೆಂಬರ್ಗ್‌ನ ಹೆಸರಾಂತ ಕ್ರಿಸ್‌ಮಸ್ ಸಂತೆ 24ರಂದು ಮುಚ್ಚುತ್ತದೆ, 25 ಮತ್ತು 26 ಎರಡೂ ದಿನ ಅಂಗಡಿಗಳು ತೆರೆಯುವುದಿಲ್ಲ. ಲಂಡನ್ನಿನಲ್ಲಿ 25ರಂದು ಸುರಂಗ ರೈಲೂ ಇಲ್ಲ, ನಗರ ಬಸ್ಸೂ ಇಲ್ಲ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ಕಾಣದೆ ಬಸವಕಲ್ಯಾಣದ ಸೀಮೆಯವರು ಮರಳಲಾರರು. ಆದರೆ ಅದಕ್ಕೆ 23 ಅಥವಾ 27ನ್ನು ಇಟ್ಟುಕೊಳ್ಳಿರಿ, 25ಕ್ಕೆ ಇಟ್ಟುಕೊಂಡರೆ ಚಳಿಯಲ್ಲಿ ನಡೆದೇ ಹೋಗಬೇಕು. ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ (ಬ್ರಿಟನ್ ಇದರಲ್ಲಿ ಸೇರಿಲ್ಲ) ಶೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳ ಮುಂಚಿನಿಂದ 15 ದಿನ ಮುಂಚಿನವರೆಗೆ ಅರ್ಜಿ ಸಲ್ಲಿಸಬಹುದು. ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದವರಿಗೆ 45 ಯೂರೋ ಶುಲ್ಕ, ಅದಕ್ಕಿಂತ ಚಿಕ್ಕವರಿಗೆ ಉಚಿತ, ಮತ್ತು 30,000 ಯೂರೋ ಮೊತ್ತಕ್ಕೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ವೀಸಾ ಅರ್ಜಿ ಕೇಂದ್ರಕ್ಕೆ ಒಮ್ಮೆ ಹೋಗಬೇಕು. ಆದಾಯ ತೆರಿಗೆ ವಿವರ ಸಲ್ಲಿಸದ ಕೃಷಿಕರು ಪಹಣಿ ಮತ್ತು ಎಪಿಎಂಸಿಯಲ್ಲಿ ತೊಗರಿ ಮಾರಿದ ಪಟ್ಟಿಗಳನ್ನು ಇಂಗ್ಲಿಷಿಗೆ ಅನುವಾದಿಸಿ, ಬ್ಯಾಂಕ್ ಖಾತೆಯ ವಿವರದೊಡನೆ ಜೋಡಿಸಬೇಕು. ಆ ಪಟ್ಟಿಯ ಹಣ ಖಾತೆಗೆ ಬಂದದ್ದು ಕಾಣುವಂತಿದ್ದರೆ ಅರ್ಜಿಗೆ ಬಲ ಬರುತ್ತದೆ.

ಪಾಸ್‌ಪೋರ್ಟ್ ಸಮಯಕ್ಕೆ ಆಗದೆ ಹೋದವರಿಗೂ ದಾರಿಯಿದೆ. ನೇಪಾಳ ಮತ್ತು ಭೂತಾನಿಗೆ ಮತದಾರರ ಗುರುತಿನ ಚೀಟಿ ಸಾಕು. ಭೂತಾನ್ ಭಾರತೀಯರಿಂದ ತಲಾ ಒಂದು ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಪಡೆಯುತ್ತದೆ, 6ರಿಂದ 12 ವರ್ಷದ ಮಕ್ಕಳಿಗೆ ಅದರ ಅರ್ಧ. ಆದರೆ ಅಲ್ಲಿಯ ಡಿಸೆಂಬರ್ ಚಳಿ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನವರಾದ ನಮಗೆ, ಮತ್ತು ಮುಖ್ಯವಾಗಿ ಮಂಡಿನೋವಿರುವ ಹಿರಿಯರಿಗೆ, ಸುಲಭದ್ದಲ್ಲ.

ಹೀಗೆ ಎಲ್ಲವನ್ನೂ ತೂಗಿ ನೋಡಿದರೆ, ಮೊದಲ ಸಲ ಹೋಗುವ, ಮಕ್ಕಳು ಮತ್ತು ಹಿರಿಯರು ಇಬ್ಬರೂ ಇರುವ ಕುಟುಂಬಕ್ಕೆ ನಾನು ಸಿಂಗಪುರ-ಮಲೇಷ್ಯಾ ಜೋಡಿಯನ್ನೋ ಶ್ರೀಲಂಕಾವನ್ನೋ ಸೂಚಿಸುತ್ತೇನೆ. ಒಂದು ವಾರದಲ್ಲಿ ಎರಡಕ್ಕಿಂತ ಹೆಚ್ಚು ಊರುಗಳಲ್ಲಿ ತಂಗುವ ಯೋಜನೆಯನ್ನು ಯಾರೇ ಮುಂದಿಟ್ಟರೂ ಒಪ್ಪಬಾರದು.

ಊರಿನಿಂದ ವಿಮಾನದವರೆಗೆ

ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ತೆರೆದಿದ್ದರೂ ವಿದೇಶ ಪ್ರಯಾಣಕ್ಕೆ ನಮ್ಮ ಬಾಗಿಲು ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಶಾಬಾದೇ. ದುಬೈ, ಸಿಂಗಪುರ, ಬ್ಯಾಂಕಾಕ್, ಕ್ವಾಲಾಲಂಪುರ ಮತ್ತು ಕೊಲಂಬೊ ನಗರಗಳಿಗೆ ಹೈದರಾಬಾದಿನಿಂದ ನೇರ ವಿಮಾನಗಳಿವೆ. ದರ ಕಡಿಮೆಯೆಂದು ದೆಹಲಿಯಲ್ಲಿ ಬದಲಾಯಿಸುವ ಟಿಕೆಟ್ ತೆಗೆದುಕೊಳ್ಳುವವರು, ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ದೆಹಲಿಯ ಮಂಜಿಗೆ ವಿಮಾನಗಳು ಗಂಟೆಗಟ್ಟಲೆ ತಡವಾಗುವುದನ್ನು ನೆನಪಿನಲ್ಲಿಡಬೇಕು. ಎರಡು ಬೇರೆ ಬೇರೆ ಟಿಕೆಟ್‌ಗಳಾಗಿದ್ದರೆ ಎರಡನೆಯ ವಿಮಾನ ತಪ್ಪಿದ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ.

ಕಲಬುರಗಿಯಿಂದ ಹುಮನಾಬಾದ್ ತಲುಪಿ, ಅಲ್ಲಿ ರಾಷ್ಟ್ರೀಯ ಹೆದ್ದಾರಿ 65ನ್ನು ಹಿಡಿದು ಜಹೀರಾಬಾದ್, ಸಂಗಾರೆಡ್ಡಿ ದಾಟಿ, ಪಟನ್‌ಚೆರು ಬಳಿ ಹೊರವರ್ತುಲ ರಸ್ತೆಗೆ ಏರಿದರೆ ಹೈದರಾಬಾದ್ ನಗರದೊಳಗೆ ಹೋಗದೆಯೇ ಶಂಶಾಬಾದ್ ಸೇರಬಹುದು. ಸುಮಾರು 250 ಕಿಲೋಮೀಟರ್, ಚಹಾ ನಿಲುಗಡೆಯೂ ಸೇರಿ 5 ಗಂಟೆ. ಬೀದರಿನವರು ಜಹೀರಾಬಾದಿನಲ್ಲಿ ಇದೇ ಹೆದ್ದಾರಿಗೆ ಸೇರುತ್ತಾರೆ. ಯಾದಗಿರಿಯವರಿಗೆ ಮಹಬೂಬ್‌ನಗರದ ಕಡೆಯ ರಸ್ತೆ ಅನುಕೂಲ, ಏಕೆಂದರೆ ಶಂಶಾಬಾದ್ ಇರುವುದೇ ಆ ಹೆದ್ದಾರಿಯ ಮೇಲೆ. ರೈಲಿನಲ್ಲಿ ಬರುವವರು 60 ದಿನ ಮುಂಚಿತವಾಗಿಯಷ್ಟೇ ಕಾಯ್ದಿರಿಸಲು ಸಾಧ್ಯವೆಂಬುದನ್ನು ಗಮನಿಸಿ ಅಕ್ಟೋಬರ್‌ನ ಆ ದಿನವನ್ನು ಗುರುತು ಹಾಕಿಕೊಳ್ಳಬೇಕು. ನಗರದಿಂದ ನಿಲ್ದಾಣಕ್ಕೆ ತೆಲಂಗಾಣ ಸಾರಿಗೆಯ ಪುಷ್ಪಕ್ ಬಸ್ಸುಗಳಿವೆ. ಪೂರ್ವದೇಶಗಳಿಗೆ ಹೋಗುವ ಅನೇಕ ವಿಮಾನಗಳು ನಡುರಾತ್ರಿಯ ಆಸುಪಾಸಿನಲ್ಲಿ ಹಾರುತ್ತವೆ, 3 ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಮಧ್ಯಾಹ್ನ ಊಟ ಮುಗಿಸಿ ಹೊರಟರೆ ಹಗಲು ಬೆಳಕಿನಲ್ಲಿಯೇ ದಾರಿಯ ಬಹುಭಾಗ ಸಾಗುತ್ತದೆ. ಬೆಳಗಿನ ಜಾವದ ವಿಮಾನವಾದರೆ ಹಿಂದಿನ ರಾತ್ರಿ ಶಂಶಾಬಾದಿನಲ್ಲಿಯೇ ತಂಗುವುದು ಒಳಿತು.

ಹಣದ ವಿಚಾರ

ಪ್ಯಾಕೇಜ್ ಕೊಳ್ಳುವವರಿಂದ ಏಜೆಂಟರು ಟಿಸಿಎಸ್ ಎಂಬ ತೆರಿಗೆಯನ್ನು ಮುಂಗಡವಾಗಿ ವಸೂಲು ಮಾಡುತ್ತಾರೆ. ಅದು ಕಳೆದುಹೋದ ಹಣವಲ್ಲ, ವರ್ಷದ ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ಅದಕ್ಕಾಗಿ ಪಾನ್ ಸಂಖ್ಯೆ ಸರಿಯಾಗಿ ದಾಖಲಾಗಿರಬೇಕು, ಮತ್ತು ಮನೆಯಲ್ಲಿ ತೆರಿಗೆ ವಿವರ ಸಲ್ಲಿಸುವವರ ಹೆಸರಿನಲ್ಲಿಯೇ ಹಣ ಪಾವತಿಯಾಗಬೇಕು. ಅಜ್ಜಿಯ ಖಾತೆಯಿಂದ ಕೊಟ್ಟರೆ ಅಜ್ಜಿಯೇ ವಿವರ ಸಲ್ಲಿಸಬೇಕಾದೀತು.

ಈ ವಾರಕ್ಕೆ ವಿಶಿಷ್ಟವಾದ ಒಂದು ಖರ್ಚನ್ನು ಕರಪತ್ರಗಳು ಸಣ್ಣ ಅಕ್ಷರದಲ್ಲಿ ಅಡಗಿಸಿಡುತ್ತವೆ. ಥೈಲ್ಯಾಂಡ್, ವಿಯೆಟ್ನಾಂ, ಮಾಲ್ಡೀವ್ಸ್ ಮುಂತಾದೆಡೆ ಹಲವು ರೆಸಾರ್ಟ್‌ಗಳು ಡಿಸೆಂಬರ್ 24 ಮತ್ತು 31ರ ರಾತ್ರಿ ‘ಗಾಲಾ ಡಿನ್ನರ್’ ಎಂಬ ಔತಣವನ್ನು ಕಡ್ಡಾಯ ಮಾಡುತ್ತವೆ. ತಿಂದರೂ ತಿನ್ನದಿದ್ದರೂ ತಲೆಗಿಷ್ಟು ಎಂದು ತೆರಬೇಕು. ಒಮ್ಮೆ ನಮ್ಮ ಏಜೆಂಟರು ಇದನ್ನು ಹೇಳದೆ ಬಿಟ್ಟಿದ್ದರು. ಮಾಂಸಾಹಾರದ ನಲವತ್ತು ಬಗೆಗಳ ನಡುವೆ ಸಸ್ಯಾಹಾರಿಗಳಾದ ನಾವು ಆರು ಮಂದಿ ಕಲ್ಲಂಗಡಿ ಹಣ್ಣು ಮತ್ತು ಬ್ರೆಡ್ ತಿಂದು, ಕೋಣೆ ಬಾಡಿಗೆಗಿಂತ ಹೆಚ್ಚಿನ ಮೊತ್ತ ತೆತ್ತು ಬಂದೆವು. ಹೋಟೆಲ್ ಕಾಯ್ದಿರಿಸುವ ಮುನ್ನವೇ ಈ ಎರಡು ರಾತ್ರಿಗಳ ಬಗ್ಗೆ ಲಿಖಿತವಾಗಿ ಕೇಳಿ, ಸಾಧ್ಯವಾದರೆ ಆ ರಾತ್ರಿಗಳನ್ನು ನಗರದ ಸಾಧಾರಣ ಹೋಟೆಲ್‌ನಲ್ಲಿ ಕಳೆಯಬೇಕು.

ಸಾಧಾರಣ ಬ್ಯಾಂಕ್ ಕಾರ್ಡಿನಿಂದ ಹೊರದೇಶದಲ್ಲಿ ಪಾವತಿಸಿದರೆ ಪ್ರತಿ ವ್ಯವಹಾರದ ಮೇಲೆ ಬ್ಯಾಂಕು ತನ್ನ ಪಾಲನ್ನು ಸೇರಿಸುತ್ತದೆ. ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡ್ ಮೇಲು. ಅಂಗಡಿಯವರು ‘ರೂಪಾಯಿಯಲ್ಲಿ ಕತ್ತರಿಸಲೇ, ಇಲ್ಲಿಯ ನಾಣ್ಯದಲ್ಲಿಯೇ?’ ಎಂದು ಕೇಳಿದಾಗ ಸ್ಥಳೀಯ ನಾಣ್ಯವನ್ನೇ ಹೇಳಬೇಕು, ರೂಪಾಯಿ ಎಂದರೆ ವಿನಿಮಯ ದರದಲ್ಲಿ ನಷ್ಟ. ವಿದೇಶಿ ನೋಟುಗಳನ್ನು ಒಬ್ಬರು ಒಂದು ಪ್ರವಾಸಕ್ಕೆ 3,000 ಡಾಲರ್ ಮೌಲ್ಯದವರೆಗೆ ಮತ್ತು ಭಾರತದ ನೋಟುಗಳನ್ನು 25,000 ರೂಪಾಯಿವರೆಗೆ ಒಯ್ಯಬಹುದು. ಊರಿನ ಸಿಮ್‌ಗೆ ರೋಮಿಂಗ್ ಹಾಕಿಸದೆ ಹೋದರೆ ಬ್ಯಾಂಕಿನ ಓಟಿಪಿ ಬರುವುದಿಲ್ಲವೆಂಬುದು ಹಲವರಿಗೆ ಹೋದ ಮೇಲೆಯೇ ಹೊಳೆಯುವ ಸಂಗತಿ. ವಿಮೆ ಮಾಡಿಸುವಾಗ ಹಿರಿಯರ ಸಕ್ಕರೆ ಕಾಯಿಲೆ, ರಕ್ತದೊತ್ತಡವನ್ನು ಮುಚ್ಚಿಡದೆ ಬರೆಯಬೇಕು.

ಬುತ್ತಿ ಮತ್ತು ಸಾಮಾನು

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಇವು ವಾರವೆಲ್ಲ ಕೆಡದೆ ಉಳಿಯುವ, ಪ್ರವಾಸಕ್ಕೆಂದೇ ಹುಟ್ಟಿದಂತಹ ತಿನಿಸುಗಳು. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ದೊಡ್ಡ ಸಾಮಾನಿನಲ್ಲಿ ಹಾಕಬೇಕು; ಉಪ್ಪಿನಕಾಯಿ, ತುಪ್ಪ ಮತ್ತು ಖಾರದ ಪುಡಿಯನ್ನು ಕೈಚೀಲದಲ್ಲಿ ಇಡಬಾರದು. ಇಡೀ ಒಣಕೊಬ್ಬರಿಯನ್ನು ಮನೆಯಲ್ಲಿಯೇ ಬಿಡುವುದು ವಾಸಿ. ಪವರ್ ಬ್ಯಾಂಕ್ ಇದಕ್ಕೆ ತಿರುಗುಮುರುಗು, ಅದು ಕೈಚೀಲದಲ್ಲಿಯೇ ಇರಬೇಕು.

ದುಬೈಗೆ ಹೋಗುವವರು ಮಸಾಲೆ ಪುಡಿಯಲ್ಲಾಗಲಿ ಸಿಹಿಯಲ್ಲಾಗಲಿ ಗಸಗಸೆ ಒಂದು ಕಾಳೂ ಇರದಂತೆ ನೋಡಿಕೊಳ್ಳಬೇಕು. ಅಲ್ಲಿಯ ಕಾನೂನಿನಲ್ಲಿ ಅದು ಮಾದಕ ವಸ್ತು, ಸೆರೆಮನೆಯ ಶಿಕ್ಷೆಯವರೆಗೆ ಹೋಗುವ ವಿಷಯ. ಎಲೆ-ಅಡಿಕೆಯೂ ಅಲ್ಲಿ ಬೇಡ. ಸಿಂಗಪುರಕ್ಕೆ ಚ್ಯೂಯಿಂಗ್ ಗಮ್ ಮತ್ತು ಜಗಿಯುವ ತಂಬಾಕು ಎರಡೂ ನಿಷಿದ್ಧ. ಮನೆಯ ದೊಡ್ಡವರ ಜೇಬಿನಲ್ಲಿ ಗುಟ್ಖಾ ಪೊಟ್ಟಣ ಉಳಿದಿಲ್ಲವೆಂದು ಹೊರಡುವ ದಿನ ಯಾರಾದರೊಬ್ಬರು ಧೈರ್ಯ ಮಾಡಿ ಕೇಳಬೇಕು. ಔಷಧಿಗಳನ್ನು ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯೊಡನೆ ಒಯ್ಯಬೇಕು. ಇಷ್ಟಲಿಂಗದ ಬೆಳ್ಳಿಯ ಕರಡಿಗೆ ತಪಾಸಣೆಯ ಯಂತ್ರದಲ್ಲಿ ಸದ್ದು ಮಾಡುತ್ತದೆ. ಸಿಬ್ಬಂದಿ ಕೇಳಿದಾಗ ಶಾಂತವಾಗಿ ತೆರೆದು ತೋರಿಸಿದರೆ ಸಾಕು ಎಂದು ಹಿರಿಯರಿಗೆ ಮೊದಲೇ ತಿಳಿಸಿರಬೇಕು. ವಿಭೂತಿಯನ್ನು ಪುಡಿಯಾಗಿ ಕಾಗದದಲ್ಲಿ ಕಟ್ಟದೆ ಗಟ್ಟಿಯಾಗಿಯೇ ಒಯ್ಯುವುದು ಲೇಸು, ಬಿಳಿಯ ಪುಡಿ ಎಲ್ಲಿಯೂ ಪ್ರಶ್ನೆ ಎಬ್ಬಿಸುತ್ತದೆ. ಬಂಗಾರ ಕಡಿಮೆ ಇರಲಿ. ಬೆಲೆಬಾಳುವ ಒಡವೆ ಧರಿಸಿಯೇ ಹೋಗುವುದಾದರೆ ಹೊರಡುವಾಗಲೇ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಪಡೆದುಕೊಂಡರೆ ಮರಳುವಾಗ ಅದು ನಮ್ಮದೇ ಎಂದು ವಾದಿಸಬೇಕಾಗುವುದಿಲ್ಲ.

ಹಿರಿಯರಿಗೆ ಗಾಲಿಕುರ್ಚಿಯ ಸೇವೆಯನ್ನು ಮತ್ತು ಎಲ್ಲರಿಗೂ ಭಾರತೀಯ ಸಸ್ಯಾಹಾರವನ್ನು ಟಿಕೆಟ್ ಮಾಡುವಾಗಲೇ ಕೇಳಿ ದಾಖಲಿಸಬೇಕು. ಥೈಲ್ಯಾಂಡಿನಲ್ಲಿ ‘ವೆಜಿಟೇರಿಯನ್’ ಎಂದರೆ ಮೊಟ್ಟೆಯೂ ಮೀನಿನ ರಸವೂ ಸೇರಿರಬಹುದು, ‘ಜೇ’ ಎಂಬ ಪದ ಬಳಸಿದರೆ ಅರ್ಥವಾಗುತ್ತದೆ. ವಿಯೆಟ್ನಾಮಿನಲ್ಲಿ ಅದಕ್ಕೆ ‘ಚಾಯ್’ ಎನ್ನಬೇಕು. ಸಿಂಗಪುರದ ಸೆರಂಗೂನ್ ರಸ್ತೆ, ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್, ದುಬೈಯ ಕರಾಮಾ, ಕೊಲಂಬೊದ ವೆಲ್ಲವತ್ತೆ ಇಲ್ಲೆಲ್ಲ ಅನ್ನ-ಸಾರು ಸಿಗುತ್ತದೆ, ಹೋಟೆಲನ್ನು ಇವುಗಳ ಹತ್ತಿರವೇ ಹಿಡಿದರೆ ಸಂಜೆಯ ಊಟದ ಚಿಂತೆ ಇರುವುದಿಲ್ಲ. ಗಂಡ ಅಥವಾ ಹೆಂಡತಿ ತೊಗರಿ ರಾಶಿಗೆಂದು ಊರಿನಲ್ಲಿಯೇ ಉಳಿದು ಮತ್ತೊಬ್ಬರು ಮಕ್ಕಳನ್ನು ಕರೆದೊಯ್ಯುವುದಾದರೆ, ಉಳಿದವರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಮಕ್ಕಳ ಪಾಸ್‌ಪೋರ್ಟಿನೊಡನೆ ಇಡಬೇಕು. ಅಜ್ಜ-ಅಜ್ಜಿ ಕರೆದೊಯ್ಯುವುದಾದರೆ ತಂದೆ-ತಾಯಿ ಇಬ್ಬರದೂ ಬೇಕು.

ಮರಳುವ ವಿಮಾನ ಬೆಳಗಿನ ಜಾವಕ್ಕೆ ಇಳಿದರೆ, ರಾತ್ರಿಯೆಲ್ಲ ಕಾದು ಕುಳಿತ ಚಾಲಕನಿಂದ ಮತ್ತೆ 250 ಕಿಲೋಮೀಟರ್ ಓಡಿಸುವುದು ಅಪಾಯ; ಆತನಿಗೆ ರಾತ್ರಿ ಮಲಗಲು ಜಾಗ ಗೊತ್ತುಮಾಡಿ, ಅದರ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು. ಮಕ್ಕಳಿಗೆ ಮರುದಿನವೇ ಶಾಲೆ ಇಟ್ಟುಕೊಳ್ಳಬಾರದು. ಮನೆಗೆ ಬಂದು ಸಾಮಾನು ಬಿಚ್ಚುವಾಗ ಏಜೆಂಟರ ರಸೀದಿ ಮತ್ತು ಟಿಸಿಎಸ್ ಪ್ರಮಾಣಪತ್ರವನ್ನು ತೆರಿಗೆ ಕಡತಕ್ಕೆ ಸೇರಿಸಿ, ಪಾಸ್‌ಪೋರ್ಟುಗಳನ್ನು ಕಪಾಟಿಗೆ ಇಡುವ ಮುನ್ನ ಪ್ರತಿಯೊಂದೂ ಮುಗಿಯುವ ದಿನಾಂಕವನ್ನು ಹೊಸ ವರ್ಷದ ಕ್ಯಾಲೆಂಡರಿನ ಜೂನ್ ಪುಟದ ಹಿಂಬದಿಯಲ್ಲಿ, ಮಕ್ಕಳದನ್ನು ಕೆಂಪು ಮಸಿಯಲ್ಲಿ, ಬರೆದಿಡಬೇಕು.